ಎರವಲು ಕಣ್ಣು

‘ಯಾರಿಂದಲಾದರೂ ಓದಿಸಿಕೊಂಡರಾಯಿತು’ — ದೃಷ್ಟಿಯಿಲ್ಲದವರು ತಮ್ಮ ಬಾಳಿನಲ್ಲಿ ಪದೇ ಪದೇ ಕೇಳಬೇಕಾಗಿ ಬರುವ ಮಾತು ಇದು. ಹೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಕೆಲವೊಮ್ಮೆ ಕನಿಕರವೂ ಇರುತ್ತದೆ. ಕಾಗದ ಬಂದರೆ ನೆರೆಮನೆಯ ಹುಡುಗನು ಓದಿ ಹೇಳುತ್ತಾನೆ. ಅರ್ಜಿಯನ್ನು ಕಚೇರಿಯ ಬಾಗಿಲಲ್ಲಿ ಕುಳಿತ ಬರಹಗಾರನು ತುಂಬಿಕೊಡುತ್ತಾನೆ. ಹಣದ ಲೆಕ್ಕವನ್ನು ಮನೆಯವರು ನೋಡಿಕೊಳ್ಳುತ್ತಾರೆ. ಹೀಗೆ ಲೋಕವ್ಯವಹಾರವೇನೋ ಸಾಗುತ್ತದೆ. ಆದರೆ ಎರವಲು ತಂದ ಒಡವೆಯನ್ನು ಮದುವೆಯ ಮಾರನೆಯ ದಿನ ಹಿಂದಿರುಗಿಸಬೇಕು. ಎರವಲು ತಂದ ಕಣ್ಣೂ ಹಾಗೆಯೇ. ಅದರ ಒಡೆಯನಿಗೆ ಪುರುಸೊತ್ತು ಇರುವಷ್ಟು ಹೊತ್ತು ಮಾತ್ರ ಅದು ನಮ್ಮದು. ಅವನು ಓದಿದಷ್ಟೇ ನಮ್ಮ ಓದು. ನಮ್ಮ ಗುಟ್ಟು ಅವನಿಗೂ ಗೊತ್ತು.

ಈ ಎರವಲಿನಿಂದ ಬಿಡುಗಡೆ ಪಡೆಯುವ ಪ್ರಯತ್ನ ಬಹಳ ಹಿಂದೆಯೇ ಆರಂಭವಾಯಿತು. ಫ್ರಾನ್ಸಿನ ಲೂಯಿ ಬ್ರೈಲ್, ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡವನು, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಎಂದರೆ ೧೮೨೪ರಲ್ಲಿ, ಬೆರಳ ತುದಿಯಿಂದ ಓದಬಹುದಾದ ಉಬ್ಬುಚುಕ್ಕೆಗಳ ಲಿಪಿಯನ್ನು ರೂಪಿಸಿದನು. ೧೯೫೧ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ರೂಢಿಗೆ ಬಂದಿತು. ಕನ್ನಡವೂ ಆ ಪಂಕ್ತಿಯಲ್ಲಿ ಸೇರಿತು. ಆದರೆ ಬ್ರೈಲ್ ಗ್ರಂಥಗಳು ಗಾತ್ರದಲ್ಲಿ ದೊಡ್ಡವು, ಸಂಖ್ಯೆಯಲ್ಲಿ ಕಡಿಮೆ. ಒಂದು ಕಾದಂಬರಿಯೇ ಹಲವು ಸಂಪುಟಗಳಾಗಿ ಹರಡುತ್ತದೆ. ದಿನಪತ್ರಿಕೆಯನ್ನೋ ರೈಲಿನ ವೇಳಾಪಟ್ಟಿಯನ್ನೋ ಪ್ರತಿದಿನವೂ ಉಬ್ಬುಚುಕ್ಕೆಗಳಲ್ಲಿ ಅಚ್ಚುಹಾಕಿ ಮನೆಮನೆಗೆ ಮುಟ್ಟಿಸುವುದು ಆಗುವ ಹೋಗುವ ಮಾತಲ್ಲ.

ಗಣಕಯಂತ್ರ ಬಂದ ಮೇಲೆ ಈ ತೊಡಕು ಒಮ್ಮೆಗೇ ಸಡಿಲವಾಯಿತು. ಯಂತ್ರದೊಳಗೆ ಅಕ್ಷರಕ್ಕೆ ಆಕಾರವಿಲ್ಲ. ಅದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯನ್ನು ಪರದೆಯ ಮೇಲೆ ರೂಪವಾಗಿ ತೋರಿಸಬಹುದು, ಧ್ವನಿಯಾಗಿ ನುಡಿಸಬಹುದು, ಉಬ್ಬುಚುಕ್ಕೆಗಳಾಗಿಯೂ ಎಬ್ಬಿಸಬಹುದು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ‘ಸ್ಕ್ರೀನ್ ರೀಡರ್’ ಎಂದು ಹೆಸರು. ಬ್ರೈಲ್ ಬಲ್ಲವರಿಗೆ ಇನ್ನೊಂದು ಸಾಧನವಿದೆ. ಕೀಲಿಮಣೆಯ ಮುಂದಿಟ್ಟ ಅಂಗೈಯಗಲದ ಪಟ್ಟಿಯೊಂದರಲ್ಲಿ ಸಣ್ಣ ಸಣ್ಣ ಮೊಳೆಗಳು ಏಳುತ್ತ ಬೀಳುತ್ತ, ಪರದೆಯ ಸಾಲುಗಳನ್ನು ಒಂದೊಂದಾಗಿ ಬೆರಳಿಗೆ ತಲುಪಿಸುತ್ತವೆ. ಎಂದರೆ, ಕಣ್ಣುಳ್ಳವನು ಓದುವ ಪುಟವನ್ನೇ, ಅದೇ ಗಳಿಗೆಯಲ್ಲಿ, ಕಣ್ಣಿಲ್ಲದವನೂ ತಾನಾಗಿಯೇ ಓದಬಹುದು. ಮನುಷ್ಯನ ಚರಿತ್ರೆಯಲ್ಲಿ ಇಂತಹ ಅವಕಾಶ ಹಿಂದೆ ಎಂದೂ ಒದಗಿರಲಿಲ್ಲ.

ಒದಗಿದ ಅವಕಾಶವನ್ನು ಮನುಷ್ಯನು ಹೇಗೆ ಕೈಬಿಟ್ಟನು, ಮತ್ತೆ ಹೇಗೆ ಕೈಗೆ ತಂದುಕೊಳ್ಳುತ್ತಿದ್ದಾನೆ ಎಂಬುದೇ ಮುಂದಿನ ಕಥೆ.

ಸಿಡ್ನಿಯ ಮೊಕದ್ದಮೆ

೨೦೦೦ದ ಒಲಿಂಪಿಕ್ ಕ್ರೀಡೆಗಳು ಆಸ್ಟ್ರೇಲಿಯದ ಸಿಡ್ನಿಯಲ್ಲಿ ಜರುಗಿದುವು. ಆ ಕ್ರೀಡೆಗಳ ಸಂಘಟನಾ ಸಮಿತಿಯು ಒಂದು ಭಾರಿ ಜಾಲತಾಣವನ್ನು ತೆರೆದು, ಆಟಗಳ ವೇಳಾಪಟ್ಟಿಯನ್ನೂ ಫಲಿತಾಂಶಗಳನ್ನೂ ಅದರಲ್ಲಿ ಪ್ರಕಟಿಸಲು ಏರ್ಪಾಡು ಮಾಡಿತು. ಬ್ರೂಸ್ ಮಗ್ವೈರ್ ಎಂಬುವರು ಆ ದೇಶದ ಪ್ರಜೆ, ಹುಟ್ಟಿನಿಂದಲೇ ಅಂಧರು, ಬ್ರೈಲ್ ಮೊಳೆಗಳ ಪಟ್ಟಿಯನ್ನು ಬಳಸಿ ಗಣಕಯಂತ್ರದಲ್ಲಿ ಸರಾಗವಾಗಿ ಓದುವವರು. ಆದರೆ ಈ ತಾಣದಲ್ಲಿ ಅವರ ಬೆರಳಿಗೆ ದಾರಿ ಸಿಕ್ಕಲಿಲ್ಲ. ಚಿತ್ರಗಳಿಗೆ ಹೆಸರಿರಲಿಲ್ಲ, ವೇಳಾಪಟ್ಟಿಯ ಪುಟದಿಂದ ಕ್ರೀಡೆಗಳ ಸೂಚಿಗೆ ಹೋಗುವ ಹಾದಿ ತೆರೆಯುತ್ತಿರಲಿಲ್ಲ, ಫಲಿತಾಂಶಗಳ ಕೋಷ್ಟಕಗಳು ಅರ್ಥವಾಗುತ್ತಿರಲಿಲ್ಲ. ೧೯೯೯ರ ಜೂನ್ ತಿಂಗಳಿನಲ್ಲಿ ಅವರು ಆ ದೇಶದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಸಲ್ಲಿಸಿದರು. ಅಂಗವೈಕಲ್ಯದ ಕಾರಣದಿಂದ ಯಾರನ್ನೂ ಭೇದದಿಂದ ಕಾಣಕೂಡದೆಂದು ೧೯೯೨ರಲ್ಲಿಯೇ ಅಲ್ಲಿ ಕಾನೂನು ಆಗಿದ್ದಿತು.

ಮಗ್ವೈರ್ ಅವರು ಕೇಳಿದ್ದು ಮೂರೇ ಮಾತು: ಚಿತ್ರಗಳಿಗೆಲ್ಲ ಅಕ್ಷರದಲ್ಲಿ ವಿವರಣೆ ಇರಲಿ, ವೇಳಾಪಟ್ಟಿಯಿಂದ ಸೂಚಿಗೆ ದಾರಿ ಇರಲಿ, ಫಲಿತಾಂಶದ ಕೋಷ್ಟಕಗಳು ಓದಲು ಬರಲಿ. ಸಮಿತಿಯ ಉತ್ತರ ಗಾಬರಿ ಹುಟ್ಟಿಸುವಂತಹುದು. ಕೋಷ್ಟಕಗಳ ಅಚ್ಚುಗಳೇ ೧,೨೯೫ ಇವೆ; ಒಬ್ಬನು ದಿನಕ್ಕೆ ಎಂಟು ಗಂಟೆ ದುಡಿದರೂ ಅವನ್ನೆಲ್ಲ ತಿದ್ದಲು ೩೬೮ ದಿನಗಳು ಹಿಡಿಯುತ್ತವೆ; ಖರ್ಚು ೨೨ ಲಕ್ಷ ಡಾಲರಿನಷ್ಟಾಗುತ್ತದೆ; ಇಷ್ಟು ಹೊರೆಯನ್ನು ನಮ್ಮ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದು ಅದು ವಾದಿಸಿತು.

ಆಯೋಗವು ತಜ್ಞರನ್ನು ಕೇಳಿತು. ಅಚ್ಚುಗಳ ಸಂಖ್ಯೆ ಸಮಿತಿ ಹೇಳುವುದಕ್ಕಿಂತ ಬಹಳ ಕಡಿಮೆಯೆಂದೂ, ಒಂದೊಂದನ್ನು ತಿದ್ದಲು ಬೇಕಾಗುವ ಹೊತ್ತೂ ಅತ್ಯಲ್ಪವೆಂದೂ, ಒಟ್ಟು ವೆಚ್ಚ ಮಿತವಾದುದೇ ಎಂದೂ ಅವರು ಸಾಕ್ಷ್ಯ ನುಡಿದರು. ೨೦೦೦ದ ಆಗಸ್ಟ್ ೨೪ರಂದು ತೀರ್ಪು ಬಂದಿತು: ಸಮಿತಿಯು ಕಾನೂನಿಗೆ ವಿರುದ್ಧವಾಗಿ ಭೇದ ಮಾಡಿದೆ, ಸೆಪ್ಟೆಂಬರ್ ೧೫ರೊಳಗಾಗಿ ತಾಣವನ್ನು ಸರಿಪಡಿಸತಕ್ಕದ್ದು. ಕ್ರೀಡೆಗಳ ಆರಂಭೋತ್ಸವವೂ ಅಂದೇ. ಸಮಿತಿಯು ಆಜ್ಞೆಯನ್ನು ಅರೆಬರೆಯಾಗಿ ಮಾತ್ರ ಪಾಲಿಸಿತು. ಕ್ರೀಡೆಗಳು ಮುಗಿದು, ಪದಕಗಳೆಲ್ಲ ಹಂಚಿಹೋದ ಮೇಲೆ, ನವೆಂಬರ್ ತಿಂಗಳಿನಲ್ಲಿ ೨೦,೦೦೦ ಡಾಲರುಗಳ ಪರಿಹಾರವನ್ನು ಮಗ್ವೈರ್ ಅವರಿಗೆ ತೆರಬೇಕೆಂದು ಆಯೋಗ ವಿಧಿಸಿತು. ಹಣ ಬಂದಿತು, ಓದು ಬರಲಿಲ್ಲ. ತನ್ನ ದೇಶದಲ್ಲಿಯೇ ನಡೆದ ಜಗತ್ತಿನ ಉತ್ಸವವನ್ನು ಎಲ್ಲರಂತೆ ಓದಿ ಅನುಭವಿಸುವ ಆ ದಿನಗಳನ್ನು ಯಾವ ಪರಿಹಾರವೂ ತಂದುಕೊಡಲಾರದು.

ಜಾಲತಾಣವೊಂದು ಅಂಗವಿಕಲರಿಗೆ ನಿಲುಕದಿರುವುದು ಕಾನೂನಿನ ಅಪರಾಧವಾಗಬಲ್ಲುದು ಎಂದು ಲೋಕಕ್ಕೆ ಮೊದಮೊದಲು ಮನವರಿಕೆ ಮಾಡಿಕೊಟ್ಟ ಪ್ರಕರಣಗಳಲ್ಲಿ ಇದು ಮುಖ್ಯವಾದುದು. ‘ಖರ್ಚು ತಾಳಲಾರೆವು’ ಎಂಬ ವಾದವನ್ನು ಲೆಕ್ಕದ ತಕ್ಕಡಿಯಲ್ಲಿಟ್ಟು ತೂಗಿದಾಗ ಅದು ಹಗುರವಾಗಿ ಕಂಡದ್ದೂ ಅಲ್ಲಿಯೇ.

ಕಿವಿಗೆ ಕೇಳುವ ಪುಟ

ಕಣ್ಣುಳ್ಳವರಿಗೆ ಸೊಗಸಾಗಿ ಕಾಣುವ ಪುಟವು ಕಿವಿಯಲ್ಲಿ ಓದುವವರಿಗೆ ಏಕೆ ಮುಚ್ಚಿಹೋಗುತ್ತದೆ? ಕಾರಣಗಳು ಅಚ್ಚರಿಯಾಗುವಷ್ಟು ಸಣ್ಣವು.

ಪುಟದಲ್ಲಿ ಒಂದು ಚಿತ್ರವಿದೆಯೆನ್ನಿ. ಅದರ ಬೆನ್ನಿಗೆ ಒಂದು ಸಾಲಿನ ವಿವರಣೆಯನ್ನು ಬರೆದಿಟ್ಟಿದ್ದರೆ ಯಂತ್ರವು ಅದನ್ನು ಓದುತ್ತದೆ. ಬರೆಯದಿದ್ದರೆ ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಇಲ್ಲವೆ ಕಡತದ ಹೆಸರಾಗಿ ಇಟ್ಟ ಅಂಕೆ ಅಕ್ಷರಗಳನ್ನು ಗಿಳಿಪಾಠದಂತೆ ಒಪ್ಪಿಸುತ್ತದೆ. ಅರ್ಜಿಯ ಖಾಲಿ ಮನೆಗಳ ಪಾಡೂ ಇದೇ. ಹೆಸರು, ಊರು, ಹುಟ್ಟಿದ ದಿನ ಎಂಬ ಪದಗಳು ಮನೆಗಳ ಪಕ್ಕದಲ್ಲಿ ಕಣ್ಣಿಗೆ ಕಾಣುತ್ತವೆ; ಆದರೆ ಯಾವ ಪದ ಯಾವ ಮನೆಗೆ ಸೇರಿದ್ದೆಂದು ಪುಟವನ್ನು ಕಟ್ಟಿದವನು ಯಂತ್ರಕ್ಕೆ ತಿಳಿಸಿರುವುದಿಲ್ಲ. ಆಗ ಓದುಗನ ಕಿವಿಗೆ ಬೀಳುವುದು ‘ಇಲ್ಲಿ ಬರೆಯಿರಿ, ಇಲ್ಲಿ ಬರೆಯಿರಿ’ ಎಂಬ ಪಲ್ಲವಿ ಮಾತ್ರ. ಏನನ್ನು ಬರೆಯಬೇಕೆಂಬುದನ್ನು ಅವನು ಊಹಿಸಿಕೊಳ್ಳಬೇಕು.

ಕಣ್ಣುಳ್ಳವರು ಪುಟವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಬೇಕಾದೆಡೆಗೆ ನೇರವಾಗಿ ಇಳಿಯುತ್ತಾರೆ. ಕಿವಿಗೆ ಈ ಸೌಕರ್ಯವಿಲ್ಲ. ಆದುದರಿಂದ ಸ್ಕ್ರೀನ್ ರೀಡರ್ ಬಳಸುವವರು ಒಂದು ಗುಂಡಿಯನ್ನೊತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾರೆ. ದಪ್ಪ ಅಕ್ಷರ ಹಾಕಿದ ಮಾತ್ರಕ್ಕೆ ಸಾಲೊಂದು ಶೀರ್ಷಿಕೆಯಾಗುವುದಿಲ್ಲ. ಇದು ಶೀರ್ಷಿಕೆ ಎಂದು ಯಂತ್ರದ ಭಾಷೆಯಲ್ಲಿ ಗುರುತು ಹಾಕಿರಬೇಕು. ಗುರುತಿಲ್ಲದ ಪುಟವೆಂದರೆ ಪರಿವಿಡಿಯಿಲ್ಲದ, ಪುಟಸಂಖ್ಯೆಯಿಲ್ಲದ ಗ್ರಂಥ. ಪ್ರತಿಸಲವೂ ಮೊದಲಿನಿಂದ ಓದಬೇಕು. ಹಾಗೆಯೇ ‘ಇಲ್ಲಿ ಒತ್ತಿ’ ಎಂಬ ಕೊಂಡಿಗಳು. ಪುಟದ ಕೊಂಡಿಗಳನ್ನೆಲ್ಲ ಪಟ್ಟಿ ಮಾಡಿ ಕೇಳಿದರೆ ಇಪ್ಪತ್ತು ಸಲ ‘ಇಲ್ಲಿ ಒತ್ತಿ’ ಎಂದೇ ಕೇಳಿಸುತ್ತದೆ. ಎಲ್ಲಿ, ಏತಕ್ಕೆ ಎಂಬುದು ದೇವರಿಗೇ ಗೊತ್ತು!

ತೊಂದರೆ ಅಂಧರಿಗೆ ಮಾತ್ರವೆಂದು ವಾಚಕರು ಭಾವಿಸಬಾರದು. ಕಿವಿ ಕೇಳದವರಿಗೆ ಚಲಚ್ಚಿತ್ರದ ಅಡಿಯಲ್ಲಿ ಮಾತಿನ ಬರಹವಿರಬೇಕು. ಕೈ ನಡುಗುವವರು ಮೌಸನ್ನು ಹಿಡಿದು ಚಿಕ್ಕ ಗುರಿಯೊಂದಕ್ಕೆ ಗುರಿಯಿಡಲಾರರು. ಅವರಿಗೆ ಕೀಲಿಮಣೆಯೊಂದರಿಂದಲೇ ಎಲ್ಲ ಕೆಲಸವೂ ಆಗಬೇಕು. ಕೆಂಪು ಹಸಿರುಗಳ ಭೇದ ಕಾಣದವರಿಗೆ ‘ಕೆಂಪು ಬಣ್ಣದ ಮನೆಗಳನ್ನು ತುಂಬಿರಿ’ ಎಂದರೆ ಅರ್ಥವಾಗದು. ತಿಳಿಬೂದು ಅಕ್ಷರವನ್ನು ಬಿಳಿಯ ಹಿನ್ನೆಲೆಯಲ್ಲಿಡುವುದು ಇಂದಿನ ವಿನ್ಯಾಸಕಾರರಿಗೆ ಶೋಕಿ. ಅರುವತ್ತು ದಾಟಿದ ಕಣ್ಣುಗಳಿಗೆ ಅದು ಶಿಕ್ಷೆ.

ನಿಯಮಗಳೂ ನಡತೆಯೂ

ಇವೆಲ್ಲಕ್ಕೆ ನಿಯಮಗಳಿಲ್ಲವೆಂದಲ್ಲ. ಜಾಗತಿಕ ಜಾಲವನ್ನು ಕಲ್ಪಿಸಿದ ಟಿಮ್ ಬರ್ನರ್ಸ್-ಲೀ ಅವರು ಸ್ಥಾಪಿಸಿದ ಒಕ್ಕೂಟವು ೧೯೯೭ರಲ್ಲಿ ಇದಕ್ಕಾಗಿಯೇ ಒಂದು ವಿಭಾಗವನ್ನು ತೆರೆಯಿತು. ೧೯೯೯ರ ಮೇ ತಿಂಗಳಿನಲ್ಲಿ ಮೊದಲನೆಯ ಮಾರ್ಗಸೂಚಿ ಹೊರಬಿದ್ದಿತು. ಮಗ್ವೈರ್ ಅವರ ದೂರು ದಾಖಲಾದುದು ಅದರ ಮರುತಿಂಗಳೇ. ೨೦೦೮ರಲ್ಲಿ ಎರಡನೆಯದೂ, ಅದರ ಪರಿಷ್ಕರಣಗಳು ೨೦೧೮ ಹಾಗೂ ೨೦೨೩ರಲ್ಲಿಯೂ ಬಂದುವು. ಇವುಗಳ ಸಾರ ನಾಲ್ಕು ಮಾತು: ಪುಟದಲ್ಲಿರುವುದು ಒಂದಲ್ಲ ಒಂದು ಇಂದ್ರಿಯದ ಮೂಲಕ ಗ್ರಾಹ್ಯವಾಗಬೇಕು, ಬಳಸಲು ಬರಬೇಕು, ಅರ್ಥವಾಗಬೇಕು, ಯಾವ ಸಾಧನದಲ್ಲಿ ತೆರೆದರೂ ಕೆಡದೆ ನಿಲ್ಲಬೇಕು. ವಿವರಗಳೂ ಕರಾರುವಾಕ್ಕಾಗಿವೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಣ ಕಾಂತಿಯ ಅಂತರ ಕನಿಷ್ಠಪಕ್ಷ ೪.೫ಕ್ಕೆ ೧ರ ಪ್ರಮಾಣದಲ್ಲಿರಬೇಕು. ಅಪಸ್ಮಾರವುಳ್ಳವರಿಗೆ ಅಪಾಯವಾಗದಂತೆ, ಯಾವ ದೃಶ್ಯವೂ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚಾಗಿ ಮಿಂಚಬಾರದು.

ನಿಯಮ ಇಷ್ಟು ಸ್ಪಷ್ಟವಾಗಿದ್ದರೂ ನಡತೆ ಹಿಂದುಳಿದಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯವೊಂದರಲ್ಲಿ ನೆಲೆಸಿರುವ ‘ವೆಬ್‌ಏಮ್’ ಎಂಬ ಸಂಸ್ಥೆಯು ವರ್ಷಕ್ಕೊಮ್ಮೆ ಹತ್ತು ಲಕ್ಷ ತಾಣಗಳ ಮುಖಪುಟವನ್ನು ಯಂತ್ರದ ಸಹಾಯದಿಂದ ಪರೀಕ್ಷಿಸುತ್ತದೆ. ೨೦೨೫ರ ಪರೀಕ್ಷೆಯಲ್ಲಿ ನೂರಕ್ಕೆ ೯೪.೮ ಪುಟಗಳಲ್ಲಿ ನಿಯಮಭಂಗ ಕಂಡುಬಂದಿತು. ಎಲ್ಲಕ್ಕಿಂತ ಹೆಚ್ಚಾಗಿ ಕಂಡ ದೋಷ ಮಸುಕಾದ ಅಕ್ಷರ. ಅದರ ಮರುದೋಷ, ವಿವರಣೆಯಿಲ್ಲದ ಚಿತ್ರ. ಸಿಡ್ನಿಯಲ್ಲಿ ಕೇಳಿದ ಮೊದಲನೆಯ ಮಾತು ಇಪ್ಪತ್ತೈದು ವರ್ಷಗಳ ಅನಂತರವೂ ಹಾಗೆಯೇ ಉಳಿದಿದೆ!

ಕಣ್ಣು ಮಿಟುಕಿಸಿ ಎಂದರೆ?

ಭಾರತದಲ್ಲಿ ೨೦೧೧ರ ಜನಗಣತಿಯ ಪ್ರಕಾರ ಅಂಗವೈಕಲ್ಯವುಳ್ಳವರ ಸಂಖ್ಯೆ ೨ ಕೋಟಿ ೬೮ ಲಕ್ಷ. ಅವರಲ್ಲಿ ದೃಷ್ಟಿದೋಷವುಳ್ಳವರು ಸುಮಾರು ೫೦ ಲಕ್ಷ. ಕರ್ನಾಟಕದ ಪಾಲು ೧೩ ಲಕ್ಷಕ್ಕೂ ಮಿಕ್ಕುದು. ೨೦೧೬ರಲ್ಲಿ ಸಂಸತ್ತು ಅಂಗೀಕರಿಸಿದ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ವೈಕಲ್ಯದ ವರ್ಗಗಳನ್ನು ೭ರಿಂದ ೨೧ಕ್ಕೆ ಏರಿಸಿತಲ್ಲದೆ, ವಿದ್ಯುನ್ಮಾನ ರೂಪದ ಮಾಹಿತಿಯೆಲ್ಲ ಇವರಿಗೆ ನಿಲುಕುವಂತಿರಬೇಕೆಂದು ವಿಧಿಸಿತು. ಸರ್ಕಾರಿ ತಾಣಗಳಿಗೆ ೨೦೦೯ರಿಂದಲೇ ಪ್ರತ್ಯೇಕ ಮಾರ್ಗಸೂಚಿ ಇದೆ. ಆದರೆ ಕಾಗದದ ಮೇಲಣ ಹಕ್ಕು ಪರದೆಯ ಮೇಲೆ ಇಳಿದು ಬರುವುದು ನಿಧಾನ.

ಅದರ ನಿದರ್ಶನವೊಂದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಪ್ರಜ್ಞಾ ಪ್ರಸೂನ್ ಅವರು ಆಸಿಡ್ ದಾಳಿಗೆ ತುತ್ತಾಗಿ ಬದುಕುಳಿದ ಮಹಿಳೆ. ೨೦೨೩ರಲ್ಲಿ ಬ್ಯಾಂಕಿನ ವ್ಯವಹಾರಕ್ಕಾಗಿ ತಮ್ಮ ಗುರುತನ್ನು ದೃಢಪಡಿಸಲು ಹೋದಾಗ, ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ತಾವು ಸಜೀವವಾಗಿರುವುದನ್ನು ತೋರಿಸಬೇಕೆಂಬ ನಿಯಮ ಎದುರಾಯಿತು. ದಾಳಿಯಲ್ಲಿ ಕಣ್ಣುಗಳಿಗೇ ತೀವ್ರವಾದ ಗಾಯವಾಗಿದ್ದವರು ಮಿಟುಕಿಸುವುದು ಹೇಗೆ? ಎದುರಿಗೆ ನಿಂತು ಮಾತನಾಡುತ್ತಿದ್ದ ಮನುಷ್ಯಳನ್ನು ಯಂತ್ರವು ಜೀವಂತಳೆಂದು ಒಪ್ಪಲಿಲ್ಲ. ಅವರ ಅರ್ಜಿಯನ್ನೂ, ಅಂಧರಾದ ಅಮರ್ ಜೈನ್ ಅವರ ಅರ್ಜಿಯನ್ನೂ ಒಟ್ಟಿಗೆ ವಿಚಾರಿಸಿದ ನ್ಯಾಯಾಲಯವು ೨೦೨೫ರ ಏಪ್ರಿಲ್ ೩೦ರಂದು ತೀರ್ಪು ನೀಡಿತು. ಡಿಜಿಟಲ್ ಸೌಲಭ್ಯಗಳನ್ನು ಪಡೆಯುವ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನ ಅಂಗವೇ ಎಂದು ಸಾರಿ, ೨೦ ನಿರ್ದೇಶನಗಳನ್ನು ಕೊಟ್ಟಿತು. ಅದಕ್ಕೆ ಮೊದಲು, ೨೦೨೪ರ ನವೆಂಬರ್ ೮ರಂದು, ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ, ಸುಗಮ್ಯತೆಯ ನಿಯಮಗಳು ಬರಿಯ ಸಲಹೆಯಾಗಿರಕೂಡದು, ಕಡ್ಡಾಯವಾಗಿರಬೇಕು ಎಂದು ಅದೇ ನ್ಯಾಯಾಲಯ ಹೇಳಿದ್ದಿತು.

ಬ್ಯಾಂಕಿನ ಮಾತು ಬಂದಾಗ ‘ಯಾರಿಂದಲಾದರೂ ಓದಿಸಿಕೊಂಡರಾಯಿತು’ ಎಂಬ ಸಲಹೆಯ ನಿಜವಾದ ಬೆಲೆ ತಿಳಿಯುತ್ತದೆ. ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬೇಡಿರೆಂದು ಬ್ಯಾಂಕು ದಿನಕ್ಕೊಮ್ಮೆ ಎಚ್ಚರಿಸುತ್ತದೆ. ಅದೇ ಬ್ಯಾಂಕಿನ ಪುಟ ಕಿವಿಗೆ ಓದಲು ಬಾರದಿದ್ದರೆ, ಅಂಧನಾದ ಗ್ರಾಹಕನು ಆ ಸಂಖ್ಯೆಯನ್ನು ನೆರೆಯವನಿಗೆ ಹೇಳದೆ ಗತ್ಯಂತರವಿಲ್ಲ. ಮೋಸಹೋದರೆ ತಪ್ಪು ಯಾರದು? ಎರವಲು ಕಣ್ಣು ನಂಬಿಕಸ್ಥನದೇ ಆಗಿರಬಹುದು. ಆದರೆ ನಂಬಲೇಬೇಕಾದ ಸ್ಥಿತಿ ಬೇರೆ, ನಂಬುವ ಸ್ವಾತಂತ್ರ್ಯ ಬೇರೆ.

ಕನ್ನಡದ ಪಾಡು

ಕನ್ನಡಿಗರು ಇಲ್ಲಿ ಇನ್ನೊಂದು ವಿಷಯವನ್ನು ಮನಗಾಣಬೇಕು. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯಲು ಹಿಂದೆ ಒಂದು ಉಪಾಯ ಹೂಡಲಾಗಿತ್ತು. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಚಿತ್ರಿಸಿದ ಫಾಂಟುಗಳನ್ನು ಬಳಸುವುದೇ ಆ ಉಪಾಯ. ಕಣ್ಣಿಗೆ ಅಚ್ಚಗನ್ನಡ, ಯಂತ್ರದ ಒಡಲಲ್ಲಿ ಇಂಗ್ಲಿಷ್ ಅಕ್ಷರ, ಫ್ರೆಂಚರ ಸ್ವರಚಿಹ್ನೆ, ಪೌಂಡ್ ನಾಣ್ಯದ ಗುರುತು, ಇವುಗಳ ಕಲಸುಮೇಲೋಗರ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವನ್ನೇ ಬರೆದು ಸ್ಕ್ರೀನ್ ರೀಡರಿಗೆ ಒಪ್ಪಿಸಿದರೆ ಅದು ಆ ಪೌಂಡಿನ ಗುರುತನ್ನೂ ಸೇರಿಸಿ ಅರ್ಥವಿಲ್ಲದ ಸದ್ದನ್ನು ಹೊರಡಿಸುತ್ತದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ ದೊರೆಯಿತು. ಯೂನಿಕೋಡಿನಲ್ಲಿ ಬರೆದುದನ್ನು ಯಂತ್ರವು ಕನ್ನಡವೆಂದೇ ಅರಿತು ಓದಬಲ್ಲುದು. ಆದರೆ ಹಳೆಯ ಫಾಂಟುಗಳಲ್ಲಿ ಅಡಕವಾಗಿರುವ ಬರಹವೂ, ಹಾಳೆಯ ಚಿತ್ರ ತೆಗೆದು ಏರಿಸಿದ ಸುತ್ತೋಲೆಗಳೂ ಬೀಗ ಹಾಕಿದ ಪೆಟ್ಟಿಗೆಗಳಂತಿವೆ. ಅವುಗಳನ್ನು ಯೂನಿಕೋಡಿಗೆ ತಂದಲ್ಲದೆ ಪೆಟ್ಟಿಗೆ ತೆರೆಯದು.

ಓದುವ ಯಂತ್ರದ ಬೆಲೆಯ ತೊಡಕು ಕೂಡ ಈಗ ಬಹುಮಟ್ಟಿಗೆ ಕಳೆದಿದೆ. ಮೊದಲು ಒಳ್ಳೆಯ ಸ್ಕ್ರೀನ್ ರೀಡರುಗಳಿಗೆ ದುಬಾರಿ ಹಣ ತೆರಬೇಕಾಗಿದ್ದಿತು. ೨೦೦೬ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣನು ಎಲ್ಲರಿಗೂ ಉಚಿತವಾಗಿ ದೊರೆಯುವ ‘ಎನ್‌ವಿಡಿಎ’ಯನ್ನು ಬರೆಯಲು ಕುಳಿತನು. ಬಾಲ್ಯದಲ್ಲಿ ಸಂಗೀತ ಶಿಬಿರವೊಂದರಲ್ಲಿ ಗೆಳೆಯನಾಗಿದ್ದ, ತಾನೂ ಅಂಧನಾದ ಜೇಮ್ಸ್ ಟೆ ಅವನ ಜೊತೆಗೂಡಿದನು. ಇಂದು ಅದು ಕನ್ನಡವನ್ನೂ ನುಡಿಯುತ್ತದೆ. ಉಚ್ಚಾರದಲ್ಲಿ ಯಂತ್ರದ ಒರಟುತನವಿದ್ದರೂ, ಕಥೆಯನ್ನೂ ಸುದ್ದಿಯನ್ನೂ ಯಾರ ಹಂಗೂ ಇಲ್ಲದೆ ತನ್ನ ಕೋಣೆಯಲ್ಲಿ ಕುಳಿತು ಕೇಳುವವನಿಗೆ ಆ ಒರಟುತನ ದೊಡ್ಡದಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಅನಂತರ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳ ಕೈಗೆ ಭಿಕ್ಷಾಪಾತ್ರೆಗೆ ಬದಲಾಗಿ ವಾದ್ಯವನ್ನು ಕೊಟ್ಟರು. ಸ್ವತಃ ಅಂಧರಾಗಿದ್ದ ಆ ಗುರುಗಳು ಮಕ್ಕಳಿಗಾಗಿ ಕನಿಕರವನ್ನು ಬೇಡಲಿಲ್ಲ. ವಿದ್ಯೆಗೆ ದಾರಿ ಮಾಡಿಕೊಟ್ಟರು. ಇಂದಿನ ಕಾಲಕ್ಕೆ ಬೇಕಾಗಿರುವುದೂ ಅಂತಹ ದಾರಿಯೇ.

ಕಟ್ಟುವಾಗಲೇ ಇಳಿಜಾರು

ಮನೆ ಕಟ್ಟುವಾಗಲೇ ಬಾಗಿಲಿಗೆ ಇಳಿಜಾರನ್ನಿಟ್ಟರೆ ಖರ್ಚು ಅಷ್ಟಕ್ಕಷ್ಟೆ. ಕಟ್ಟಿ ಮುಗಿದ ಮೇಲೆ ಮೆಟ್ಟಿಲೊಡೆದು ಮಾಡಿದರೆ ಇಮ್ಮಡಿ ವೆಚ್ಚ. ಜಾಲತಾಣಕ್ಕೂ ಇದೇ ನ್ಯಾಯ. ಸಿಡ್ನಿಯ ಸಮಿತಿಗೆ ದಿಗಿಲು ಹುಟ್ಟಿಸಿದ್ದು ಒಡೆದು ಕಟ್ಟುವ ಲೆಕ್ಕವೇ ಹೊರತು ಕಟ್ಟುವ ಲೆಕ್ಕವಲ್ಲ. ಇಳಿಜಾರಾದ ಮೇಲೆ ಗಾಲಿಕುರ್ಚಿಯವರಷ್ಟೇ ಅಲ್ಲ, ಮಗುವಿನ ಗಾಡಿ ತಳ್ಳುವ ತಾಯಿಯೂ, ಮೊಣಕಾಲು ನೋವಿನ ಅಜ್ಜಿಯೂ ಅದರಲ್ಲಿಯೇ ಹತ್ತುತ್ತಾರೆ. ಕಿವುಡರಿಗೆಂದು ಹಾಕಿದ ಅಡಿಬರಹವನ್ನು ಗದ್ದಲದ ಬಸ್ಸಿನಲ್ಲಿ ಕುಳಿತ ಪ್ರಯಾಣಿಕನೂ ಓದುತ್ತಾನೆ. ಮಂದದೃಷ್ಟಿಯವರಿಗೆಂದು ಗಾಢವಾಗಿಸಿದ ಅಕ್ಷರ ಉರಿಬಿಸಿಲಿನಲ್ಲಿ ಫೋನು ಹಿಡಿದು ನಿಂತ ರೈತನಿಗೂ ಕಾಣುತ್ತದೆ.

ಜಾಲತಾಣ ಕಟ್ಟುವವರಿಗೆ ಒಂದು ಸುಲಭವಾದ ಪರೀಕ್ಷೆಯಿದೆ. ಪುಟ ಸಿದ್ಧವಾದ ಮೇಲೆ ಮೌಸನ್ನು ಬದಿಗಿಟ್ಟು, ಪರದೆಯನ್ನು ಆರಿಸಿ, ಸ್ಕ್ರೀನ್ ರೀಡರಿನ ಧ್ವನಿಯೊಂದನ್ನೇ ನಂಬಿ, ತಾವೇ ಮಾಡಿದ ಅರ್ಜಿಯನ್ನು ತಾವೇ ಒಮ್ಮೆ ತುಂಬಿ ಕಳುಹಿಸಲಿ. ಅರ್ಧ ಗಂಟೆಯ ಕೆಲಸ. ಕಳುಹಿಸಲು ಬಂದರೆ ಪುಟ ಮುಗಿದಿದೆ. ಬಾರದಿದ್ದರೆ, ಎಷ್ಟೇ ಅಂದವಾಗಿ ಕಂಡರೂ, ಕೆಲಸ ಇನ್ನೂ ಉಳಿದಿದೆ.